ರಾಮದುರ್ಗದಲ್ಲಿ ನನಗೆ ಬಂದ ಬೇನೆ

ನನ್ನ ಗಂಡನ ಮನೆಯವರಿಗೆಲ್ಲ ಅವರವರ ಬೇನೆಗಳಿದ್ದವು. ಅತ್ತೆಗೆ ಸಂಧಿವಾತ, ಮಾವನಿಗೆ ದಮ್ಮು, ನಮ್ಮ ಯಜಮಾನರಿಗೆ ಸಕ್ಕರೆ. ನನ್ನ ಪಾಲಿಗೆ ಬಂದದ್ದಕ್ಕೆ ಮಾತ್ರ ಹೆಸರಿಲ್ಲ. ಮನೆಯಲ್ಲಿ ಅದನ್ನು 'ರಾಮದುರ್ಗದಾಗ ಬಂದದ್ದು' ಎಂದಷ್ಟೇ ಕರೆಯುತ್ತಿದ್ದರು. ಬಂದದ್ದು ಒಂದೇ ಸಲ, ಒಂದು ಮಧ್ಯಾಹ್ನ, ನನಗೆ ಮೂವತ್ತೈದರ ಆಸುಪಾಸು ಇದ್ದಾಗ. ಮತ್ತೆ ಬರಬಾರದೆಂದು ಮನೆಮಂದಿಯೆಲ್ಲ ಸೇರಿ ಕೈಗೊಂಡ ಕ್ರಮಗಳು ಎಷ್ಟು ಪರಿಣಾಮಕಾರಿಯಾಗಿದ್ದವೆಂದರೆ, ಅದು ಮತ್ತೆ ಬರಲೇ ಇಲ್ಲ. ಬರಲಿ ಎಂದು ನಾನು ಒಳಗೊಳಗೇ ಕಾಯುತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ. ಬೇನೆಗಾಗಿ ಹಂಬಲಿಸುವ ರೋಗಿಯನ್ನು ಯಾವ ಡಾಕ್ಟರಿಗೆ ತೋರಿಸುವುದು?

ನನ್ನ ತವರು ಕಿತ್ತೂರು, ಕೊಟ್ಟ ಮನೆ ಬೈಲಹೊಂಗಲ. ಕಿತ್ತೂರಿನ ಹೆಣ್ಣುಮಕ್ಕಳ ಧೈರ್ಯದ ಬಗ್ಗೆ ನಾಡಿಗೆಲ್ಲ ಗೊತ್ತು. ಆ ಧೈರ್ಯ ಕುದುರೆಯ ಬೆನ್ನಿನ ತನಕ ಬಂದಿತ್ತು, ಮಂಚದ ತನಕ ಬಂದಿರಲಿಲ್ಲ. ಮದುವೆಯ ಹಿಂದಿನ ದಿನ ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಸಕಲ ಕಾಮಶಾಸ್ತ್ರವನ್ನು ಒಂದು ಮಾತಿನಲ್ಲಿ ಬೋಧಿಸಿದಳು: "ಕಣ್ಣ ಮುಚ್ಚಿಕೊಂಡು ಮನಸಿನ್ಯಾಗ ಹದಿಮೂರರ ಮಗ್ಗಿ ಹೇಳಕೋತ ಇರವಾ. ಮಗ್ಗಿ ಮುಗಿಯೂದ್ರಾಗ ಅದೂ ಮುಗದಿರತೈತಿ."

ನಾನು ವಿಜ್ಞಾನದ ಪದವೀಧರೆ, ಮಗ್ಗಿ ಸರಾಗವಾಗಿ ಬರುತ್ತಿತ್ತು. ಚಿಕ್ಕಮ್ಮನ ಅಂದಾಜು ಹೆಚ್ಚುಕಡಿಮೆ ಸರಿಯಾಗಿತ್ತು.

ಇದರಲ್ಲಿ ನಮ್ಮ ಯಜಮಾನರ ಮೇಲೆ ದೂರೇನಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ, ಅಪ್ಪನ ಕಾಲದ್ದು. ಬಿಳಿ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ಹಳೆಯ ನಮೂನೆ. ಒಳ್ಳೆಯ ಮನುಷ್ಯ, ಒರಟು ಮಾತು ಆಡಿದವರಲ್ಲ. ಆದರೆ ನಮ್ಮ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಅತ್ತೆ ಕೆಮ್ಮಿದರೆ ನಮ್ಮ ಮಂಚ ಅಲುಗುತ್ತಿತ್ತು. ಮಂಚ ಅಲುಗಿದರೆ ಅತ್ತೆ ಕೆಮ್ಮುತ್ತಿದ್ದರು. ಇಂಥ ಪರಿಸ್ಥಿತಿಯಲ್ಲಿ ಯಾವ ಗಂಡಸಾದರೂ ಅವಸರದಲ್ಲೇ ಇರುತ್ತಾನೆ. ಸುಖವೆನ್ನುವುದು ಅವರಿಗೆ ಸೇರಿದ್ದು, ನನಗೆ ಸೇರಿದ್ದು ಮಕ್ಕಳು ಎಂದು ನಾನು ತಿಳಿದಿದ್ದೆ. ಆ ಹಂಚಿಕೆಯಲ್ಲಿ ಅನ್ಯಾಯವಿದೆ ಎಂದು ಅನ್ನಿಸಿರಲೂ ಇಲ್ಲ, ರಾಮದುರ್ಗಕ್ಕೆ ಹೋಗುವ ತನಕ.

ರಾಮದುರ್ಗದಲ್ಲಿ ನನ್ನ ಅಕ್ಕನ ಮನೆ. ಅಕ್ಕನ ನಾದಿನಿಗೆ ತೊರಗಲ್ಲಿನಲ್ಲಿ ಕುಬಸದ ಕಾರ್ಯ. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಆಯೇರಿಯ, ಅಂದರೆ ಉಡುಗೊರೆಯ ಬಟ್ಟೆಗಳೆಲ್ಲ ನಮ್ಮ ಅಂಗಡಿಯಿಂದಲೇ. ಹೀಗಾಗಿ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಗಂಟಿನ ಸಮೇತ ನಾವಿಬ್ಬರೂ ಹಿಂದಿನ ದಿನವೇ ಹೋಗಿದ್ದೆವು. ಮರುದಿನ ಟೆಂಪೊ ಬಂತು. ಮಂದಿ ಹತ್ತಿದರು, ಮಕ್ಕಳು ಹತ್ತಿದರು, ಪಾತ್ರೆಗಳು ಹತ್ತಿದವು, ಆಯೇರಿಯ ಗಂಟು ಹತ್ತಿತು, ನಾವು ಉಳಿದೆವು. "ನೀವಿಬ್ಬರೂ ಒಂದೀಟು ತಡೀರಿ, ಇವರನ್ನ ಇಳಿಸಿ ಟೆಂಪೊ ಹೊಳ್ಳಿ ಬರತೈತಿ" ಎಂದು ಅಕ್ಕ ಕೂಗಿ ಹೋದಳು. ಟೆಂಪೊ ಹೊಳ್ಳಿ ಬರಲಿಲ್ಲ. ದಾರಿಯಲ್ಲಿ ಅದರ ಚಕ್ರ ಪಂಕ್ಚರಾಗಿ, ಸ್ಟೆಪ್ನಿಯೂ ಪಂಕ್ಚರಾಗಿತ್ತೆಂದು ಆಮೇಲೆ ತಿಳಿಯಿತು. ಅವೆರಡು ಚಕ್ರಗಳಿಗೆ ನಾನು ಇಂದಿಗೂ ಋಣಿ.

ರೇಷ್ಮೆ ಸೀರೆ ಉಟ್ಟು ನಾನು ಅಕ್ಕನ ಮಂಚದ ತುದಿಯಲ್ಲಿ ಕೂತಿದ್ದೆ. ಯಾರೂ ಇಲ್ಲದ ಮನೆ. ಮದುವೆಯಾದಾಗಿನಿಂದ ನಾವಿಬ್ಬರೇ ಒಂದು ಮನೆಯಲ್ಲಿ ಇದ್ದದ್ದು ಅದೇ ಮೊದಲು. ಹಾಗೆ ಇದ್ದಾಗ ಏನು ಮಾಡಬೇಕೆಂಬುದು ನಮಗೆ ಗೊತ್ತಿರಲಿಲ್ಲ, ಸುಮ್ಮನೆ ಹವಾಮಾನ ಮಾತಾಡಿದೆವು. ಆಗ ಅವರ ಕಣ್ಣು ನನ್ನ ಸೀರೆಯ ಮೇಲೆ ಬಿತ್ತು.

"ಇದ್ಯಾವ ಸೀರಿ? ನಮ್ಮ ಅಂಗಡೀದಲ್ಲ."

"ನಮ್ಮವ್ವ ಕೊಟ್ಟದ್ದು. ಕಿತ್ತೂರಾಗ ತೊಗೊಂಡಿದ್ಲು."

"ಕಿತ್ತೂರಾಗ!" ಅವರ ವ್ಯಾಪಾರಿ ಮನಸ್ಸಿಗೆ ಪೆಟ್ಟಾಯಿತು. "ತಾ ಇಲ್ಲೆ, ನೋಡೂಣು ಎಂಥಾ ರೇಷ್ಮಿ ಕೊಟ್ಟಾರ."

ಬಟ್ಟೆಯ ಪರೀಕ್ಷೆ ಕಣ್ಣಿನ ಕೆಲಸವಲ್ಲ, ಬೆರಳಿನದು. ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಒಂದೊಂದು ಎಳೆಯನ್ನೂ ವಿಚಾರಿಸುತ್ತ ಹೋದರು. ದಡಿ, ಒಡಲು, ಮತ್ತೆ ದಡಿ. ಟೆಂಪೊ ಬರಲಿಲ್ಲ. ಭುಜದ ಹತ್ತಿರ ಜರಿ ಎಳೆ ಎದ್ದಿದೆಯೆಂದರು, ಅಲ್ಲಿ ಬೆರಳು ನಿಂತಿತು. ಸೊಂಟದ ಹತ್ತಿರ ನಿರಿಗೆ ತಪ್ಪಾಗಿದೆಯೆಂದರು. ಮೊದಲು ಬಟ್ಟೆಯ ಮೇಲಿದ್ದ ಬೆರಳು ಯಾವಾಗ ಬಟ್ಟೆ ದಾಟಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಮಗ್ಗಿ ಶುರು ಮಾಡಲು ಮರೆತಿದ್ದೆ. ಕೆಮ್ಮುವವರು ಯಾರೂ ಇರಲಿಲ್ಲ. ಅವರಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ, ಮುಗಿಸುವ ಅವಸರವೂ ಇರಲಿಲ್ಲ. ತಿಳಿಯದೆಯೇ, ಯಾವ ಕಡೆ ಕೈಯಿಟ್ಟರೆ ನನ್ನ ಮೈ ಅತ್ತ ತಿರುಗುತ್ತದೋ ಅಲ್ಲೇ ಇದ್ದರು.

ಆಮೇಲೆ ಬಂದದ್ದೇ ಸದರಿ ಬೇನೆ. ಅಂಗಾಲಿನಿಂದ ಬಿಸಿ ಏರಿತು. ಉಸಿರು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಒಳಗೆ ಏನೋ ಬಿಗಿಯುತ್ತ ಬಿಗಿಯುತ್ತ ಹೋಗಿ, ಇನ್ನು ತಡೆಯಲಾಗದು ಅನ್ನುವಲ್ಲಿ ಒಮ್ಮೆಲೇ ಕೈಬಿಟ್ಟಿತು. ತಾನಾಗಿಯೇ ಬಿಗಿದು, ಸಡಿಲಾಗಿ, ಮತ್ತೆ ಬಿಗಿದು, ಅಲೆಯ ಮೇಲೆ ಅಲೆ. ತೊಡೆಗಳು ನಡುಗಿದವು. ಬಾಯಿಂದ ಒಂದು ಕೂಗು ಹೊರಟಿತು, ಅದು ನನ್ನ ದನಿಯೆಂದು ಗುರುತಿಸಲು ನನಗೇ ಹೊತ್ತು ಹಿಡಿಯಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಅವರು ಹೌಹಾರಿ ಎದ್ದರು.

"ಏ! ಏನಾತಲೇ? ಏನಾತು? ಯಪ್ಪಾ, ಫಿಟ್ಸ್ ಬಂತಲ್ಲೋ!"

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕು, ಮೂಗಿಗೆ ಉಳ್ಳಾಗಡ್ಡಿ ಹಿಡಿಯಬೇಕು ಎಂಬುದು ನಮ್ಮ ಕಡೆ ಹಾಲುಣ್ಣುವ ಕೂಸಿಗೂ ಗೊತ್ತು. ಅವರು ಅಂಗಡಿಯ ಕೀಲಿಗೊಂಚಲನ್ನು ನನ್ನ ಮುಷ್ಟಿಯಲ್ಲಿ ಒತ್ತಿದರು, ಅಡಿಗೆಮನೆಗೆ ಓಡಿ ಉಳ್ಳಾಗಡ್ಡಿ ಗುದ್ದಿ ತಂದು ಮೂಗಿಗೆ ಹಿಡಿದರು, ಒಂದು ತಂಬಿಗೆ ನೀರನ್ನು ಮುಖಕ್ಕೂ ಕಿತ್ತೂರಿನ ರೇಷ್ಮೆಗೂ ಸಮನಾಗಿ ಹಂಚಿದರು. ಜೀವಮಾನದಲ್ಲಿ ಮೊದಲ ಸಲ ಸ್ವರ್ಗದ ಬಾಗಿಲು ತೆರೆದು ಒಳಗೆ ಕಾಲಿಟ್ಟವಳಿಗೆ ಉಳ್ಳಾಗಡ್ಡಿಯ ವಾಸನೆ. ಏನೂ ಆಗಿಲ್ಲವೆಂದು ಹೇಳೋಣವೆಂದರೆ ಏನೋ ಆಗಿತ್ತು. ಏನಾಯಿತೆಂದು ಹೇಳೋಣವೆಂದರೆ ಅದರ ಹೆಸರು ನನಗೂ ತಿಳಿಯದು. ಅವರ ಮುಖದ ಭಯ ನೋಡಿ ನನಗೂ ಭಯವಾಯಿತು. ಇದ್ದರೂ ಇರಬಹುದು, ಫಿಟ್ಸೇ ಇರಬಹುದು ಅನ್ನಿಸಿತು.

ಸಂಜೆ ಅಕ್ಕನ ಮನೆಯವರು ಮರಳುವಷ್ಟರಲ್ಲಿ ಅವರು ನನ್ನನ್ನು ಆಟೊದಲ್ಲಿ ಕೂಡಿಸಿಕೊಂಡು ಒಬ್ಬ ವಯಸ್ಸಾದ ಡಾಕ್ಟರರ ಹತ್ತಿರ ಹೋಗಿ ಬಂದಿದ್ದರು. ಬೇನೆ ಬಂದಾಗ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದ್ದಕ್ಕೆ ಇವರು, "ಸುಮ್ಮ ಕುಂತಿದ್ವಿರಿ" ಎಂದರು. ಡಾಕ್ಟರು ನಾಡಿ ನೋಡಿ, ನರಗಳ ದೌರ್ಬಲ್ಯವೆಂದು ಟಾನಿಕ್ ಬರೆದು, ಅಪ್ಪಣೆ ಮಾಡಿದರು: "ಇನ್ನ ಮ್ಯಾಲೆ ಹಿಂಗ ಆಗದಂಗ ನೋಡಿಕೊಳ್ರಿ."

ನಮ್ಮ ಯಜಮಾನರು ಹಿರಿಯರ ಮಾತು ಮೀರಿದವರಲ್ಲ. ನೋಡಿಕೊಂಡರು.

ಬೈಲಹೊಂಗಲಕ್ಕೆ ಬಂದ ಮೇಲೆ ಅತ್ತೆ ಸವದತ್ತಿ ಗುಡ್ಡಕ್ಕೆ ಹರಕೆ ಹೊತ್ತರು. ಹುಣ್ಣಿಮೆಗೆ ಹೋಳಿಗೆ ಮಾಡಿಕೊಂಡು, ಚಕ್ಕಡಿಯ ಕಾಲ ಮುಗಿದಿದ್ದರಿಂದ ಟ್ರ್ಯಾಕ್ಸ್ ಗಾಡಿಯಲ್ಲಿ, ಮನೆಮಂದಿಯೆಲ್ಲ ಹೋಗಿ, ಸೊಸೆಗೆ ಬಂದದ್ದು ಮತ್ತೆ ಬರದಿರಲೆಂದು ತಾಯಿಗೆ ನೈವೇದ್ಯ ಮಾಡಿದೆವು. ನಾನೂ ಕೈಮುಗಿದೆ. ಆ ತಾಯಿ ಹೆಣ್ಣು. ಒಳಗಿನ ವಿಷಯ ಆಕೆಗೆ ತಿಳಿಯದೆ ಇರುತ್ತದೆಯೇ? ಆದರೂ ಅಷ್ಟು ಮಂದಿಯ ಎದುರಿಗೆ ಆಕೆಯೂ ಏನು ಹೇಳಿಯಾಳು, ಹೋಳಿಗೆ ಸ್ವೀಕರಿಸಿದಳು.

ಅಂದಿನಿಂದ ನಾನು ಗಾಜಿನ ಸಾಮಾನು. ಅವರು ನನ್ನ ಹತ್ತಿರ ಬರುವುದನ್ನೇನೂ ಬಿಡಲಿಲ್ಲ, ಆದರೆ ಒಂದು ಕಿವಿ ನನ್ನ ಉಸಿರಿನ ಮೇಲೆ. ಉಸಿರು ಸ್ವಲ್ಪ ಜೋರಾದರೆ ಸಾಕು, ಎದ್ದು ಕೂತು, "ಫ್ಯಾನ್ ಹಚ್ಚಲೇನು?" ಎನ್ನುವರು. ಅಷ್ಟು ಹೊತ್ತಿಗೆ ನನ್ನೊಳಗೆ ಏಳುತ್ತಿದ್ದದ್ದು ಫ್ಯಾನಿನ ಗಾಳಿಗೆ ಆರಿಹೋಗುತ್ತಿತ್ತು. ಬೇಡ, ಫ್ಯಾನ್ ಬೇಡ, ಅವತ್ತಿನ ಹಾಗೆ ಇರಿ ಎಂದು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. 'ಅವತ್ತಿನ ಹಾಗೆ' ಎಂಬುದು ಅವರಿಗೆ ಹೆಂಡತಿ ಸಾಯಲಿದ್ದ ದಿನ. ಹೇಳುವುದು ಹೇಗೆ?

ನಾನು ಸವದತ್ತಿಯ ಆಚೆ ಒಂದು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹಗಲು ಬಸ್ಸು ನವಿಲುತೀರ್ಥದ ಮಗ್ಗುಲಿಗೆ ಹಾಯುವಾಗ ಕಿಟಕಿಗೆ ತಲೆಯಾನಿಸಿ ಆ ಮಧ್ಯಾಹ್ನವನ್ನು ಮೊದಲಿನಿಂದ ನೆನೆಯುತ್ತಿದ್ದೆ. ದಡಿ, ಒಡಲು, ಭುಜದ ಜರಿ. ಎಲ್ಲಿಯ ತನಕ ನೆನೆದರೂ ಕೊನೆಯದು ಮಾತ್ರ ನೆನಪಿಗೆ ಸಿಗುತ್ತಿರಲಿಲ್ಲ. ಮೈಯ ನೆನಪು ಬೇರೆ, ತಲೆಯ ನೆನಪು ಬೇರೆ. ಕಂಡಕ್ಟರು "ಟೀಚರ್, ಇಳಿರಿ" ಎಂದಾಗ ಇಳಿದು, ಮುಖ ಬಿಗಿದುಕೊಂಡು ಹತ್ತನೆಯ ತರಗತಿಗೆ ಹೋಗಿ ಸಂತಾನೋತ್ಪತ್ತಿಯ ಪಾಠ ಮಾಡುತ್ತಿದ್ದೆ. ನಾನು ಬರೆಯುತ್ತಿದ್ದ ಸ್ತ್ರೀ ಜನನಾಂಗದ ಚಿತ್ರ ಆ ಭಾಗದಲ್ಲಿ ಹೆಸರುವಾಸಿ. ಅಂಡಾಶಯಕ್ಕೆ ಹಳದಿ ಸುಣ್ಣದಕಡ್ಡಿ, ನಾಳಕ್ಕೆ ನೀಲಿ, ಗರ್ಭಾಶಯಕ್ಕೆ ಗುಲಾಬಿ. ಪುಸ್ತಕದಲ್ಲಿ ಇದ್ದದ್ದೆಲ್ಲ ಬೋರ್ಡಿನ ಮೇಲೆ ಇರುತ್ತಿತ್ತು. ಪುಸ್ತಕದಲ್ಲಿ ಇಲ್ಲದ್ದೊಂದು ಇದೆ ಎಂದು ನನಗೆ ಯಾರು ಹೇಳಬೇಕು?

ಅತ್ತೆ ಮಾವ ಕಾಲವಾದರು. ಕೆಮ್ಮು ನಿಂತಿತು. ಇನ್ನಾದರೂ ಅಂದುಕೊಳ್ಳುವಷ್ಟರಲ್ಲಿ ಮಗನ ಮದುವೆಯಾಯಿತು. ಸೊಸೆ ಬಂದ ಮೇಲೆ ಅತ್ತೆಮಾವ ಒಂದೇ ಕೋಣೆಯಲ್ಲಿ ಮಲಗುವುದು ನಮ್ಮಲ್ಲಿ ಶೋಭಿಸುವುದಿಲ್ಲ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅವರ ಹಾಸಿಗೆ ಪಡಸಾಲೆಗೆ ಹೋಯಿತು, ನನ್ನದು ಕಾಳಿನ ಚೀಲಗಳ ಕೋಣೆಗೆ. ಅಲ್ಲಿಂದ ಅವರು ಮಗ್ಗುಲು ಬದಲಿಸಿದ್ದು ನನಗೆ ಕೇಳುತ್ತಿತ್ತು. ಎಡಕ್ಕೆ ತಿರುಗಿದರೋ ಬಲಕ್ಕೋ ಎಂಬುದೂ ತಿಳಿಯುತ್ತಿತ್ತು. ಜೋಳ, ಕಡಲೆ, ಗೋದಿಯ ನಡುವೆ ಕಣ್ತೆರೆದು ಮಲಗಿ, ಈ ಮನುಷ್ಯ ನನಗೆ ಇಷ್ಟು ಬೇಕೆನಿಸುವುದು ಈಗೇಕೆ ಎಂದು ಆಶ್ಚರ್ಯಪಡುತ್ತಿದ್ದೆ. ಮುಟ್ಟು ನಿಂತಿತ್ತು. ಆಸೆಯೂ ಅದರ ಜೊತೆ ನಿಲ್ಲುತ್ತದೆಂದು ಕೇಳಿದ್ದೆ. ಅದಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ನಿವೃತ್ತಳಾದ ವರ್ಷ ಉರಿಮೂತ್ರದ ತೊಂದರೆ ಮೇಲಿಂದ ಮೇಲೆ ಕಾಡಿತು. ಬೈಲಹೊಂಗಲದಲ್ಲಿ ಹೊಸದಾಗಿ ಬಂದ ಹೆಣ್ಣು ಡಾಕ್ಟರ ಹತ್ತಿರ ಹೋದೆ. ಹೋಗಿ ನೋಡಿದರೆ ಆಕೆ ನನ್ನದೇ ಹಳೆಯ ವಿದ್ಯಾರ್ಥಿನಿ, ಮುಂದಿನ ಬೆಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದವಳು. ಎದ್ದು ನಿಂತು ಕಾಲಿಗೆ ಬಿದ್ದಳು. ಕಾಲಿಗೆ ಬಿದ್ದವಳಿಗೆ ಇಂಥ ವಿಷಯ ತೋಡಿಕೊಳ್ಳುವುದು ಕಷ್ಟ. ಪರೀಕ್ಷೆ ಮಾಡಿ, ಮುಟ್ಟು ನಿಂತ ಮೇಲೆ ಒಳಗೆ ಒಣಗಿ ಹೀಗಾಗುತ್ತದೆ ಎಂದು ಹೇಳಿ, ಮುಲಾಮು ಬರೆಯುತ್ತ ಕೇಳಿದಳು:

"ಟೀಚರ್, ನೀವು, ಸಾಹುಕಾರ್ರು ಇಬ್ಬರೂ ಹತ್ತಿರ ಇರತೀರೇನ್ರಿ?"

"ಅವರು ಪಡಸಾಲ್ಯಾಗ, ನಾ ಕಾಳಿನ ಕೋಲ್ಯಾಗ. ಏನ ಭಾಳ ದೂರಿಲ್ಲ."

ಆಕೆ ನಗಲಿಲ್ಲ. ಪೆನ್ನು ಕೆಳಗಿಟ್ಟು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು. ಅಷ್ಟಕ್ಕೇ ನನ್ನ ಬಾಯಿ ತಾನಾಗಿ ತೆರೆಯಿತು. "ನನಗೊಮ್ಮೆ ಫಿಟ್ಸ್ ಬಂದಿತ್ತವಾ," ಎಂದೆ. "ರಾಮದುರ್ಗದಾಗ."

"ಆವಾಗ ಎಚ್ಚರ ಇತ್ತೇನ್ರಿ?"

"ಹುಟ್ಟಿದಾಗಿಂದ ಅಷ್ಟ ಎಚ್ಚರ ಯಾವತ್ತೂ ಇದ್ದಿಲ್ಲ."

"ನಾಲಿಗಿ ಕಡಕೊಂಡಿದ್ರಿ?"

"ಇಲ್ಲ."

"ಆಮ್ಯಾಲೆ ತಲಿನೋವು, ಸುಸ್ತು?"

"ಹಸಿವಾತು. ನಗು ಬರಾಕತ್ತಿತು. ಮೈ ಹತ್ತಿ ಹಂಗ ಹಗುರಾಗಿತ್ತು."

"ಬರೂಕಿಂತ ಮೊದಲ ಏನ ಮಾಡಾಕತ್ತಿದ್ರಿ, ಟೀಚರ್?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಟೆಂಪೊ ಹಾದಿ ಕಾಯಾಕತ್ತಿದ್ವಿ."

"ಇಬ್ಬರ?"

"ಇಬ್ಬರ."

ಆಕೆ ಕನ್ನಡಕ ತೆಗೆದು ಒರೆಸಿದಳು. ಬಹಳ ಹೊತ್ತು ಒರೆಸಿದಳು. "ಟೀಚರ್," ಎಂದಳು ಮೆಲ್ಲಗೆ, "ಅದು ಬ್ಯಾನಿ ಅಲ್ರಿ. ಅದು ಸುಖ. ಹೆಂಗಸರಿಗೆ ಸುಖ ತುದಿ ಮುಟ್ಟಿದಾಗ ಹಂಗ ಆಗತೈತಿ."

ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಾದರಿಯನ್ನು ನನ್ನ ಕಡೆ ತಿರುಗಿಸಿ, ನಾನು ಬೋರ್ಡಿನ ಮೇಲೆ ಎಂದೂ ಬರೆಯದಿದ್ದ ಭಾಗವನ್ನು ತೋರಿಸಿದಳು. ನಾನು ಟೀಚರ ದನಿಯಲ್ಲೇ ಆಕ್ಷೇಪಿಸಿದೆ: "ಇದು ಪುಸ್ತಕದಾಗ ಇರಲಿಲ್ಲಲ್ಲ."

"ನಮ್ಮ ಮೆಡಿಕಲ್ ಪುಸ್ತಕದಾಗೂ ಒಂದೀಟ ಇತ್ರಿ," ಎಂದಳು.

ಇನ್ನೂ ಮಗ್ಗಿ ಹೇಳುತ್ತಿರುವ ಅಕ್ಕತಂಗಿಯರ ತಿಳುವಳಿಕೆಗಾಗಿ, ಅಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಆ ಭಾಗಕ್ಕೆ ಚಂದ್ರನಾಡಿ ಎನ್ನುತ್ತಾರೆ, ಯೋನಿಯ ಮೇಲ್ತುದಿಯಲ್ಲಿ ಇರುತ್ತದೆ. ಹೊರಗೆ ಕಾಣುವುದು ಕಡಲೆಕಾಳಿನಷ್ಟು, ಆದರೆ ಒಳಗೆ ಎರಡೂ ಕಡೆ ಬೇರು ಬಿಟ್ಟು ಚಾಚಿಕೊಂಡಿರುತ್ತದೆ. ಸುಖ ಕೊಡುವುದರ ಹೊರತು ಅದಕ್ಕೆ ಇನ್ನೊಂದು ಉದ್ಯೋಗವಿಲ್ಲ. ನಮ್ಮ ಮೈಯಲ್ಲಿ ದುಡಿಮೆಗೆ ಹಚ್ಚದೆ ಬಿಟ್ಟ ಅಂಗ ಅದೊಂದೇ ಇರಬೇಕು. ಮೈ ಒಲಿದಾಗ ಗಂಡಸಿನದರಂತೆಯೇ ಅದರಲ್ಲೂ ರಕ್ತ ತುಂಬಿ ಉಬ್ಬುತ್ತದೆ, ಒಳಗೆ ತೇವವಾಗುತ್ತದೆ, ಎದೆ ಬಡಿತ ಏರುತ್ತದೆ. ಸುಖ ತುದಿ ಮುಟ್ಟಿದಾಗ ಕೆಳಗಿನ ಸ್ನಾಯುಗಳು ತಾವಾಗಿ ಬಿಗಿದು ಬಿಡುತ್ತವೆ. ಬಹಳಷ್ಟು ಹೆಂಗಸರಿಗೆ ಬರೀ ಕೂಡುವುದರಿಂದ ಅದು ಬರುವುದಿಲ್ಲ. ಅಲ್ಲಿ ಮುಟ್ಟಬೇಕು, ಮೆತ್ತಗೆ ಮುಟ್ಟಬೇಕು, ಅವಸರವಿಲ್ಲದೆ ಮುಟ್ಟಬೇಕು. ಮೊದಲು ಆಸೆ, ಆಮೇಲೆ ಸ್ಪರ್ಶ ಎಂಬ ಕ್ರಮವೂ ಎಲ್ಲರದಲ್ಲ. ಮುಟ್ಟಿದ ಮೇಲೆ ಎಚ್ಚರಗೊಳ್ಳುವ ಆಸೆಯೂ ಆಸೆಯೇ. ಕಿವಿ ಬಾಗಿಲ ಕಡೆ ಇದ್ದರೆ ಮೈ ತೆರೆಯುವುದಿಲ್ಲ. ವಯಸ್ಸಾದ ಮೇಲೆ ಹೊತ್ತು ಹೆಚ್ಚು ಬೇಕು, ತೇವ ಕಡಿಮೆಯಾಗುತ್ತದೆ, ಅದಕ್ಕೆ ಔಷಧವಿದೆ. ತನ್ನ ಮೈಗೆ ಏನು ಹಿತವೆಂದು ತಾನೇ ಮುಟ್ಟಿ ತಿಳಿದುಕೊಳ್ಳುವುದರಲ್ಲಿ ಪಾಪವೂ ಇಲ್ಲ, ರೋಗವೂ ಇಲ್ಲ. ಮತ್ತೆ ಇನ್ನೊಂದು ಮಾತು: ಬರದಿದ್ದರೆ ಅದು ಫೇಲಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಕೂತೆ. ಮೊದಲು ನಗು ಬಂತು, ಗ್ಲಾಸು ಹಿಡಿಯಲಾಗದಷ್ಟು. ಆಮೇಲೆ ಅಳು ಬಂತು. ಬೇನೆ ಬಾರದಿರಲೆಂದು ಕುಡಿದ ಟಾನಿಕ್, ಹೊತ್ತ ಹರಕೆ, ಹಚ್ಚಿದ ಫ್ಯಾನು. ನನ್ನ ಮೇಲಿನ ಪ್ರೀತಿಯಿಂದಲೇ ಆ ಮನುಷ್ಯ ನನ್ನಿಂದ ಅದನ್ನು ದೂರ ಇಟ್ಟಿದ್ದ. ಈಗ ಹೇಳಲೇಬೇಕು. ನನಗೆ ಅರವತ್ತಾಗಿತ್ತು, ಅವರಿಗೆ ಇನ್ನೂ ಹೆಚ್ಚು. ಹೇಳದೆ ಸತ್ತರೆ ಅವರು ನನ್ನನ್ನು ಕಾಪಾಡಿದ ತೃಪ್ತಿಯಲ್ಲೂ, ನಾನು ಕಾಪಾಡಿಸಿಕೊಂಡ ದುಃಖದಲ್ಲೂ ಹೋಗುತ್ತಿದ್ದೆವು.

ಪೇಟೆಯ ವಾರದ ರಜೆಯ ದಿನ ಅವರು ಮಧ್ಯಾಹ್ನ ಅಂಗಡಿಗೆ ಹೋಗಿ, ಶಟರ್ ಒಳಗಿನಿಂದ ಹಾಕಿಕೊಂಡು, ಮಾಲು ಹೊಂದಿಸುತ್ತ ಕೂಡುತ್ತಾರೆ. ಮಜ್ಜಿಗೆ ತೆಗೆದುಕೊಂಡು ಹೋದೆ. ಗಾದಿಯ ಮೇಲೆ ಅವರ ಎದುರಿಗೆ ಗಿರಾಕಿಯ ಹಾಗೆ ಕೂತೆ.

"ರಾಮದುರ್ಗದಾಗ ನನಗ ಬಂದಿತ್ತಲ್ಲ..."

ಅವರು ಧಿಗ್ಗನೆ ಎದ್ದರು. "ಮತ್ತ ಬಂತೇನು?"

"ಇಲ್ರಿ, ಕುಂದರ್ರಿ. ಬರಲಿಲ್ಲಲ್ಲ ಅನ್ನೂದ ನನ್ನ ಗೋಳು."

ಹೇಳಿದೆ. ಪಾಠದ ದನಿ ಬಿಟ್ಟು ಬೇರೆ ದನಿ ನನ್ನ ಹತ್ತಿರ ಇಲ್ಲ. ಅದರಲ್ಲೇ, ಚಂದ್ರನಾಡಿಯಿಂದ ಹಿಡಿದು ಸ್ನಾಯುಗಳ ತನಕ ಹೇಳಿದೆ. ಅವರು ಒಂದೇ ಸೀರೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದರು.

"ಅಂದ್ರ ಅವತ್ತ ನಿನಗ ತ್ರಾಸ ಆಗಿರಲಿಲ್ಲ?"

"ಇಲ್ಲ."

"ಆರಾಮ ಇತ್ತು?"

"ಅಷ್ಟ ಆರಾಮ ಆಮ್ಯಾಲೆ ಯಾವತ್ತೂ ಇದ್ದಿಲ್ರಿ."

ಅವರು ಸೀರೆಯನ್ನು ಕೆಳಗಿಟ್ಟರು. "ನಾ ನಿನ್ನ ಸಾಯೂದ್ರಿಂದ ಉಳಿಸಿದೆ ಅಂತ ತಿಳಕೊಂಡಿದ್ನಲ್ಲ," ಎಂದರು. "ನಿನ್ನ ಉಸಿರು ಏರಿದ್ರ ನನ್ನ ಎದಿ ಝಲ್ ಅಂತಿತ್ತು. ನನಗ ಮನಸ್ಸು ಇದ್ದಿಲ್ಲಂದಿ ಏನು? ಭಾಳ ಇತ್ತು. ಹಿಡಕೊಂಡೆ. ಪಡಸಾಲ್ಯಾಗ ಮಲಗಿದ್ರೂ ನಿನ್ನ ಬಳಿ ಸಪ್ಪಳ ಕೇಳಕೋತ ಇರತೇನಿ."

ನನ್ನ ಬಳೆಯ ಸದ್ದು. ನಾನು ಅವರ ಮಗ್ಗುಲು ಕೇಳುತ್ತಿದ್ದಾಗ ಅವರು ನನ್ನ ಬಳೆ ಕೇಳುತ್ತಿದ್ದರು. ನಡುವೆ ಒಂದು ಅಡಿಗೆಮನೆಯಷ್ಟೇ ಇತ್ತು.

ಅವರು ಕಣ್ಣೊರೆಸಿಕೊಂಡು, ವ್ಯಾಪಾರಿಯ ಕಳವಳದಿಂದ ಕೇಳಿದರು: "ಅವತ್ತ ನಾ ಏನ ಮಾಡಿದ್ನೆ? ನನಗ ನೆನಪ ಇಲ್ಲಲ್ಲ. ಹೆಂಗ ಮಾಡೂದು ಗೊತ್ತಿಲ್ಲ."

"ಗೊತ್ತೈತಿ. ಅಂಗಡಿಗೆ ಹೆಣ್ಣಮಕ್ಕಳು ಸುಮ್ಮ ನೋಡಾಕ ಬಂದೇವ್ರಿ ಅಂತ ಬರತಾರಲ್ಲ, ಅವರಿಗೆ ಏನ ಮಾಡತೀರಿ?"

"ಕುಂದರಸ್ತೇನಿ. ನೀರ ಕೊಡತೇನಿ."

"ಏನ ಬೇಕು ಅಂತ ಮೊದಲ ಕೇಳತೀರೇನು?"

"ಛೇ, ಕೇಳಬಾರದು! ಕೇಳಿದ್ರ ಎದ್ದ ಹೋಗತಾರ. ಅವರಿಗೂ ಗೊತ್ತಿರೂದಿಲ್ಲ. ಒಂದೊಂದ ಬಿಚ್ಚಿ ಮುಂದ ಇಡಬೇಕು. ಯಾವುದರ ಮ್ಯಾಲೆ ಅವರ ಕೈ ಹೆಚ್ಚ ಹೊತ್ತ ನಿಲ್ಲತೈತಿ, ನೋಡಬೇಕು. ನಮ್ಮ ಅವಸರ ತೋರಸಬಾರದು."

"ಅಷ್ಟ ರೀ."

"ಏನ ಅಷ್ಟ?"

"ಅಷ್ಟ."

ವಿಭೂತಿಯ ಕೆಳಗಿನ ಅವರ ಹಣೆ ಕೆಂಪಾಯಿತು.

ಅಂದಿನಿಂದ ವಾರದ ರಜೆಯಂದು ಮಾಲು ಹೊಂದಿಸಲು ನಾನೂ ಹೋಗತೊಡಗಿದೆ. ಸೊಸೆಗೆ ಕನಿಕರ. "ಅತ್ತೀ, ಬಿಸಲಾಗ ನೀವ ಯಾಕ ಹೋಗತೀರಿ, ನಾ ಹೋಗಿ ಹಚ್ಚಿ ಕೊಡತೇನಿ ತಡೀರಿ," ಎಂದಳು ಒಮ್ಮೆ. "ಬ್ಯಾಡವಾ," ಎಂದೆ, "ಎಲ್ಲಾ ಹಳೇ ಮಾಲು, ನಿನಗ ತಿಳಿಯೂದಿಲ್ಲ."

ಓದುಗರು ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬಾರದು. ಅವರ ಮೊಣಕಾಲಿಗೆ ಒಂದು ಕಡ್ಡಾಯ ಭಂಗಿ, ನನ್ನ ಸೊಂಟಕ್ಕೆ ಇನ್ನೊಂದು. ಎರಡಕ್ಕೂ ರಾಜಿಯಾಗುವಷ್ಟರಲ್ಲಿ ಅರ್ಧ ಮಧ್ಯಾಹ್ನ ಹೋಗುತ್ತಿತ್ತು. ಮೊದಮೊದಲು ಅವರು ಒಲೆಯ ಮೇಲಿನ ಹಾಲು ಕಾಯುವಂತೆ ನನ್ನ ಮುಖ ಕಾಯುತ್ತಿದ್ದರು. "ಬಂತೇನು?" "ಇಲ್ರಿ." "ಈಗ?" "ಕೇಳಬ್ಯಾಡ್ರಿ, ಕೇಳಿದ್ರ ಎದ್ದ ಹೋಗತೈತಿ." ನಕ್ಕು ನಕ್ಕು ಗಾದಿಯ ಮೇಲೆ ಬಿದ್ದುಕೊಳ್ಳುತ್ತಿದ್ದೆವು. ಬರಲಿಲ್ಲ. ಆದರೆ ಮೈ ತನ್ನ ದಾರಿಯನ್ನು ಒಂದೊಂದೇ ಹೆಜ್ಜೆ ಗುರುತು ಹಿಡಿಯುತ್ತಿತ್ತು. ಒಂದು ವಾರ ಅಂಗಾಲಿನ ಬಿಸಿ ಬಂತು. ಇನ್ನೊಂದು ವಾರ ಉಸಿರು ಏರಿತು, ಅವರು ಬೆದರಲಿಲ್ಲ.

ಹೋದ ವಾರದ ಮಾತು. ಅವರು ನನ್ನ ಮಗ್ಗುಲಿಗಿದ್ದರು. ಕೈ ಎಲ್ಲಿರಬೇಕೋ ಅಲ್ಲಿತ್ತು. ಏನನ್ನೂ ಕೇಳುತ್ತಿರಲಿಲ್ಲ. ಆಗ ಹೊರಗೆ ಯಾರೋ ಶಟರ್ ಬಡಿದರು.

"ಸಾಹುಕಾರ್ರ! ಅದೀರೇನ್ರಿ? ಮುನವಳ್ಳಿಯಿಂದ ಬಂದೇವ್ರಿ, ಮದವಿ ಜವಳಿ ತೊಗೊಳ್ಳೂದೈತಿ!"

ಮದುವೆಯ ಜವಳಿ! ಒಂದೆರಡು ಸೀರೆಯಲ್ಲ, ಎರಡೂ ಬೀಗರ ಮನೆಯ ಬಟ್ಟೆ. ಇಂಥ ಗಿರಾಕಿ ಬಂದರೆ ಈ ಮನುಷ್ಯ ಉಣ್ಣುವ ತಾಟು ಬಿಟ್ಟು ಎದ್ದವರು, ಜ್ವರದಲ್ಲಿ ಎದ್ದವರು. ಕೈ ನಿಂತಿತು. ನನ್ನ ಮೈ ತಿಳಿದುಕೊಂಡಿತು, ಇನ್ನು ಏಳುತ್ತಾರೆ ಎಂದು. ನಾನು ಸೆರಗು ಹುಡುಕಿದೆ.

"ಬಂದ್ ಐತ್ರಿ!" ಎಂದು ಅವರು ಮಲಗಿದಲ್ಲಿಂದಲೇ ಕೂಗಿದರು.

"ದೂರಿಂದ ಬಂದೇವಲ್ರಿ ಯಪ್ಪಾ! ಎಷ್ಟೊತ್ತಿಗೆ ತಗೀತೀರಿ?"

"ಇವತ್ತ ತಗಿಯಾಂಗಿಲ್ಲ. ನಾಳೆ ಬರ್ರಿ."

ಹೊರಗೆ ಗೊಣಗಾಟ, ಆಮೇಲೆ ಚಪ್ಪಲಿಗಳ ಸದ್ದು ದೂರವಾಯಿತು. ನಾನು ಮೆಲ್ಲಗೆ, "ಮದವಿ ಜವಳಿ ಅಂತ್ರಿ," ಎಂದೆ.

"ಕೇಳಿಸ್ತು," ಎಂದರು. "ನೀ ಸುಮ್ಮನಿರು."

ಕೈ ನಿಂತಲ್ಲಿಂದಲೇ ಮುಂದುವರಿಯಿತು. ನಾನು ಶಟರಿನ ಹತ್ತಿರ ಬಿಟ್ಟಿದ್ದ ಕಿವಿಯನ್ನು ಈಚೆ ತಂದುಕೊಂಡೆ. ಅಂದೂ ಅದು ಬರಲಿಲ್ಲ. ಬಹಳ ಹತ್ತಿರ ಬಂದು, ಹೊಸ್ತಿಲ ಆಚೆ ಉಸಿರು ಬಿಡುತ್ತ ನಿಂತು, ನನ್ನನ್ನು ನೋಡಿಕೊಂಡು ಹೋಯಿತು. ಮುಂದಿನ ರಜೆ ಇನ್ನೂ ಬಂದಿಲ್ಲ. ಇಷ್ಟು ಉದ್ದದ ವಾರವನ್ನು ನಾನು ಕಂಡದ್ದು ಇದೇ ಮೊದಲು.